ಕಣ್ಣಿಗೆ ಕಾಣದ ಹೊಗೆ: ಕುರ್ಲಾದ ಗಾಳಿಯ ಚರಿತ್ರೆ

ಮುಂಬಯಿಯ ಕನ್ನಡಿಗರಿಗೆ ಕುರ್ಲಾ ಅಪರಿಚಿತ ಹೆಸರಲ್ಲ. ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಪಯಣ ಮುಗಿಸುವುದು ಇಲ್ಲಿನ ಲೋಕಮಾನ್ಯ ತಿಲಕ ಟರ್ಮಿನಸ್ಸಿನಲ್ಲಿ. ಬಂಟರ ಸಂಘದ ಭವನವಿರುವುದೂ ಕುರ್ಲಾದ ಪೂರ್ವ ಭಾಗದಲ್ಲಿ. ಈ ಊರಿನ ಗಿರಣಿ, ಕಾರ್ಖಾನೆಗಳಿಗೆ ಇರುವಂತೆ ಇಲ್ಲಿನ ಗಾಳಿಗೂ ಒಂದು ಚರಿತ್ರೆಯಿದೆ. ಅದು ಬಹುಮಟ್ಟಿಗೆ ಕಣ್ಣಿಗೆ ಕಂಡ ಹೊಗೆಯನ್ನು ಓಡಿಸಿದ ಚರಿತ್ರೆ. ಕಾಣದೆ ಉಳಿದದ್ದು ನೈಟ್ರೋಜನ್ ಡೈಆಕ್ಸೈಡ್.

ಜಮ್ಷೇಟ್‌ಜಿ ಟಾಟಾ ಅವರು 1886ರಲ್ಲಿ ಕುರ್ಲಾದ ಧರಮ್‌ಸಿ ಗಿರಣಿಯನ್ನು ಕೊಂಡು ಅದಕ್ಕೆ ಸ್ವದೇಶಿ ಎಂದು ಹೆಸರಿಟ್ಟರು. ಅಂದಿನ ಗಿರಣಿಗಳು ಕಲ್ಲಿದ್ದಲಿನ ಆವಿಯಿಂದ ನಡೆಯುತ್ತಿದ್ದವು. ಚಿಮಣಿಗಳ ಕಪ್ಪು ಹೊಗೆಯನ್ನು ತಡೆಯಲು ಮುಂಬಯಿ ಪ್ರಾಂತ್ಯದಲ್ಲಿ 1912ರಲ್ಲಿಯೇ ಹೊಗೆ ಉಪದ್ರವ ಕಾಯಿದೆ ಬಂತು. 1915ರಲ್ಲಿ ಪಶ್ಚಿಮ ಘಟ್ಟದ ನೀರಿನಿಂದ ತಯಾರಾದ ವಿದ್ಯುತ್ತು ನಗರವನ್ನು ಮುಟ್ಟಿದ ಮೇಲೆ ಗಿರಣಿಗಳು ಒಂದೊಂದಾಗಿ ಕಲ್ಲಿದ್ದಲನ್ನು ಬಿಡತೊಡಗಿದವು.

ಚಿಮಣಿಯ ಜಾಗಕ್ಕೆ ಮುಂದೆ ಮೋಟಾರು ಬಂತು. 1944ರಲ್ಲಿ ಸ್ಥಾಪನೆಯಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿಯ ಕುರ್ಲಾ ಕಾರ್ಖಾನೆಯಿಂದ ಹೊರಬಂದ ಫಿಯಟ್ ಕಾರುಗಳು, ಅನಂತರದ ಪದ್ಮಿನಿಗಳು, ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ನಗರದ ಗುರುತೇ ಆದವು. ಹಳೆಯ ವಾಹನಗಳ ಹೊಗೆ ಅಸಹನೀಯವಾದಾಗ ಸ್ಮೋಕ್ ಅಫೆಕ್ಟೆಡ್ ರೆಸಿಡೆಂಟ್ಸ್ ಫೋರಂ ಎಂಬ ನಾಗರಿಕರ ಸಂಸ್ಥೆ ಮುಂಬಯಿ ಉಚ್ಚ ನ್ಯಾಯಾಲಯದ ಮೊರೆಹೋಯಿತು. 1999ರ ಡಿಸೆಂಬರಿನಲ್ಲಿ ನ್ಯಾಯಾಲಯವು ಸಾರಿಗೆ ಆಯುಕ್ತ ವಿ. ಎಂ. ಲಾಲ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಬಳಿಕ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ಹೊರಳಿದವು. ರಸ್ತೆಯ ಕಪ್ಪು ಹೊಗೆ ಕಣ್ಣಿಗೆ ಕಾಣುವಷ್ಟು ತಗ್ಗಿತು.

ಇಲ್ಲಿಯೇ ನಾವು ಒಂದು ಸಂಗತಿಯನ್ನು ತಿಳಿಯಬೇಕು. ಮಸಿ ಹುಟ್ಟುವುದು ಅರೆಬರೆ ಉರಿದ ಇಂಧನದಿಂದ. ನೈಟ್ರೋಜನ್ ಡೈಆಕ್ಸೈಡ್ ಹುಟ್ಟುವುದು ಬಹುಪಾಲು ಗಾಳಿಯಿಂದಲೇ. ಎಂಜಿನ್ನಿನ ಅತಿಯಾದ ಕಾವಿನಲ್ಲಿ ಗಾಳಿಯ ಸಾರಜನಕ, ಆಮ್ಲಜನಕಗಳು ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಹೊರಬಂದ ಮೇಲೆ ಅದು ಡೈಆಕ್ಸೈಡ್ ಆಗಿ ಮಾರ್ಪಡುತ್ತದೆ. ಆದುದರಿಂದ ಇಂಧನವನ್ನು ಬದಲಿಸಿದ ಮಾತ್ರಕ್ಕೆ ಈ ಅನಿಲ ಇಲ್ಲವಾಗುವುದಿಲ್ಲ. ಸಿಎನ್‌ಜಿಯ ಬೆಂಕಿಯೂ ಬೆಂಕಿಯೇ. ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದಿನವಿಡೀ ಉರಿಯುವ ಗ್ಯಾಸ್ ಒಲೆಯ ನೀಲಿ ಜ್ವಾಲೆಯೂ ಇದನ್ನು ಹುಟ್ಟಿಸುತ್ತದೆ. ಸೌದೆ ಒಲೆಯ ಹೊಗೆ ಕಣ್ಣು ಉರಿಸಿ ಎಚ್ಚರಿಸುತ್ತಿತ್ತು, ಇದು ಎಚ್ಚರಿಸುವುದಿಲ್ಲ.

ಪರಿಣಾಮವಾದರೋ ಸಣ್ಣದಲ್ಲ. ಈ ಅನಿಲವು ಶ್ವಾಸನಾಳಗಳನ್ನು ಕೆರಳಿಸುತ್ತದೆ, ಅಸ್ತಮಾವನ್ನು ಉಲ್ಬಣಗೊಳಿಸುತ್ತದೆ, ಸೋಂಕನ್ನು ತಡೆಯುವ ಶ್ವಾಸಕೋಶದ ಶಕ್ತಿಯನ್ನು ಕುಗ್ಗಿಸುತ್ತದೆ. ಮಕ್ಕಳಿಗೆ ಅಪಾಯ ಹೆಚ್ಚು. ಬಿಸಿಲಿನಲ್ಲಿ ಒಡೆದು ನೆಲಮಟ್ಟದ ಓಜೋನನ್ನು ಹುಟ್ಟಿಸುತ್ತದೆ. ಆ ಓಜೋನ್ ಬೆಳೆಗಳನ್ನೂ ಬಾಧಿಸುತ್ತದೆ. ತೇವದೊಡನೆ ಸೇರಿ ನೈಟ್ರಿಕ್ ಆಮ್ಲವಾಗಿ ಮಳೆಗೆ ಹುಳಿಯೇರಿಸುತ್ತದೆ, ನೈಟ್ರೇಟ್ ಕಣಗಳಾಗಿ ಸೂಕ್ಷ್ಮ ಧೂಳನ್ನು ಹೆಚ್ಚಿಸುತ್ತದೆ.

ಚರಿತ್ರೆಯ ವಿನೋದವೆಂದರೆ, ಇದೇ ಅನಿಲ ಒಂದು ಕಾಲಕ್ಕೆ ಗಾಳಿಯ ಒಳ್ಳೆಯತನವನ್ನು ಅಳೆಯುವ ಸಾಧನವಾಗಿತ್ತು. 1772ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ನೈಟ್ರಿಕ್ ಆಕ್ಸೈಡನ್ನು ನೀರಿನ ಮೇಲೆ ಗಾಳಿಯೊಡನೆ ಬೆರೆಸಿದ. ಕೆಂಗಂದು ಆವಿಯೆದ್ದು ನೀರಿನಲ್ಲಿ ಕರಗಿತು. ಮಿಶ್ರಣದ ಗಾತ್ರ ಎಷ್ಟು ಕುಗ್ಗಿತೋ ಆ ಗಾಳಿ ಉಸಿರಾಟಕ್ಕೆ ಅಷ್ಟು ಯೋಗ್ಯವೆಂದು ಆತ ಎಣಿಸಿದ. ಆ ಕೆಂಗಂದು ಆವಿಯೇ ನೈಟ್ರೋಜನ್ ಡೈಆಕ್ಸೈಡ್. ಗಾಜಿನ ಪಾತ್ರೆಯಲ್ಲಿ ದಟ್ಟವಾಗಿದ್ದಾಗ ಅದಕ್ಕೆ ಬಣ್ಣವುಂಟು. ರಸ್ತೆಯ ಗಾಳಿಯಲ್ಲಿ ಚದುರಿದಾಗ ಅದನ್ನು ಯಂತ್ರವೇ ಹಿಡಿಯಬೇಕು.

ಇಂದು ಕುರ್ಲಾದಲ್ಲಿಯೂ ಅಂಥ ಮಾಪನ ಕೇಂದ್ರವಿದೆ. ಆದರೆ ಅಳತೆಯನ್ನು ಯಾವುದಕ್ಕೆ ಹೋಲಿಸಬೇಕು? 2009ರ ಭಾರತೀಯ ಮಾನದಂಡದಂತೆ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯೂ ಅಂದು ಅಷ್ಟನ್ನೇ ಹೇಳುತ್ತಿತ್ತು. 2021ರಲ್ಲಿ ಅದನ್ನು 10ಕ್ಕೆ ಇಳಿಸಿತು. ನಮ್ಮಲ್ಲಿ ನಿಯಮಕ್ಕೆ ಒಳಪಟ್ಟ ಗಾಳಿ ಅಲ್ಲಿನ ಸಲಹೆಗಿಂತ ನಾಲ್ಕು ಪಟ್ಟು ಮಲಿನವಾಗಿರಬಹುದು. ಮೇಲಾಗಿ ಈ ಅನಿಲ ರಸ್ತೆಯ ಅಂಚಿನಲ್ಲಿ ದಟ್ಟ, ಕೆಲವು ನೂರು ಮೀಟರ್ ದಾಟಿದರೆ ವಿರಳ. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ತರಕಾರಿ ಗಾಡಿಯವನೂ ರಿಕ್ಷಾ ಚಾಲಕನೂ ಸೇವಿಸುವ ಗಾಳಿಯನ್ನು ಇಡೀ ನಗರದ ಸರಾಸರಿ ಅಂಕಿ ಹೇಳಲಾರದು.

ಭರವಸೆಯೂ ಇದೆ. 2020ರ ಏಪ್ರಿಲಿನಿಂದ ಜಾರಿಯಾದ ಭಾರತ್ ಸ್ಟೇಜ್ 6 ನಿಯಮವು ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ನೈಟ್ರೋಜನ್ ಆಕ್ಸೈಡುಗಳನ್ನು 250 ಮಿಲಿಗ್ರಾಮಿನಿಂದ 80ಕ್ಕೆ ಇಳಿಸಿದೆ. ವಿದ್ಯುತ್ ಬಸ್ಸುಗಳು ಬೀದಿಯಲ್ಲಿ ಬೆಂಕಿಯನ್ನೇ ಹೊತ್ತಿಸುವುದಿಲ್ಲ. 1912ರಲ್ಲಿಯೂ 1999ರಲ್ಲಿಯೂ ಜನರಿಗೆ ಹೊಗೆ ಕಂಡಿತ್ತು, ಆದುದರಿಂದ ಕೇಳಿದರು. ಈ ಅನಿಲದ ವಿಷಯದಲ್ಲಿ ನಾವು ಕೇಳಬೇಕಾದುದು ಅಂಕಿಗಳನ್ನು: ನಮ್ಮ ಮಕ್ಕಳ ಶಾಲೆಯ ಗೇಟಿನ ಬಳಿ, ನಮ್ಮ ಬಸ್ಸು ನಿಲ್ಲುವ ಕಡೆ ಅದೆಷ್ಟಿದೆ ಎಂಬುದನ್ನು.