ಸೂಡಿಯ ಮೂಸೆ, ಭದ್ರಾವತಿಯ ಹೊಗೆ

ಗದಗ ಜಿಲ್ಲೆಯ ಸೂಡಿ ಇಂದು ಜೋಡುಕಳಸದ ಗುಡಿಗೂ ನಾಗಕುಂಡಕ್ಕೂ ಹೆಸರಾದ ಊರು; ಕಲ್ಯಾಣ ಚಾಲುಕ್ಯರ ಕಾಲದಲ್ಲಾದರೋ ಅದು ಕಿಸುಕಾಡು ಎಪ್ಪತ್ತು ಎಂಬ ನಾಡಿನ ರಾಜಧಾನಿಯಾಗಿ, ಆ ವಂಶದ ರಾಜಕುಮಾರಿ ಅಕ್ಕಾದೇವಿಯ ಆಳ್ವಿಕೆಯನ್ನು ಕಂಡು, ಲಕ್ಕುಂಡಿಯಂತೆಯೇ ಟಂಕಸಾಲೆಯನ್ನೂ ಹೊಂದಿತ್ತು. ಗದ್ಯಾಣವೆಂಬ ಚಿನ್ನದ ನಾಣ್ಯದ ತೂಕವನ್ನೂ ಮುದ್ರೆಯನ್ನೂ ಕುರಿತು ವಿದ್ವಾಂಸರು ಬರೆದಿರುವಷ್ಟು ಮೂಸೆಯ ಕೆಳಗಿನ ಬೆಂಕಿಯನ್ನು ಕುರಿತು ಬರೆದಿಲ್ಲ. ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರಿನಂಶವುಳ್ಳ ಸೌದೆ ಸಣ್ಣ ಕುಲುಮೆಯಲ್ಲಿ ಆ ಕಾವನ್ನು ಹಿಡಿದು ನಿಲ್ಲಿಸಲಾರದು, ತಿದಿಯ ಗಾಳಿಗೆ ಒಡ್ಡಿದ ಇದ್ದಿಲು ನಿಲ್ಲಿಸುತ್ತದೆ. ಆದ್ದರಿಂದ ಸೂಡಿಯ ನಾಣ್ಯದ ಹಿಂದೆ ಇದ್ದಿಲು ಸುಡುವವರ ದುಡಿಮೆಯನ್ನು ಊಹಿಸದೆ ಗತ್ಯಂತರವಿಲ್ಲ.

ಸೌದೆಯನ್ನು ಒಟ್ಟಿ, ಸೊಪ್ಪು ಹೊದಿಸಿ, ಮಣ್ಣು ಮೆತ್ತಿ, ಕಿಂಡಿಗಳನ್ನಷ್ಟೇ ಬಿಟ್ಟು ಬೆಂಕಿಯಿಟ್ಟರೆ ಮೊದಲು ಏಳುವ ದಟ್ಟ ಬಿಳಿ ಹೊಗೆ ಬಹುಪಾಲು ನೀರಾವಿ. ಆಮೇಲೆ ಅದು ಹಳದಿಗೆ ತಿರುಗಿ ಕಣ್ಣುರಿಸುತ್ತದೆ. ಕೊನೆಗೆ ತೆಳುವಾಗಿ ನೀಲಿಗೊಂಡಾಗ ಕಿಂಡಿಗಳನ್ನು ಮುಚ್ಚಬೇಕು, ತಡವಾದರೆ ಇದ್ದಿಲೇ ಬೂದಿಯಾಗುತ್ತದೆ. ಸಾಕಷ್ಟು ಗಾಳಿಯಿಲ್ಲದೆ ಕಾದ ವಸ್ತು ಉರಿಯದೆ ಒಡೆಯುವ ಈ ಕ್ರಿಯೆಗೆ ಉಷ್ಣವಿಭಜನೆ ಎಂದು ಹೆಸರು. ಮರದ ಘಟಕಗಳಲ್ಲಿ ಹೆಮಿಸೆಲ್ಯುಲೋಸ್ ಮೊದಲು ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ನಾರಿನ ಮುಖ್ಯಾಂಶವಾದ ಸೆಲ್ಯುಲೋಸ್ 400 ಡಿಗ್ರಿಯೊಳಗೆ ಒಡೆದುಹೋಗುತ್ತದೆ, ನಾರುಗಳನ್ನು ಬೆಸೆದಿರುವ ಲಿಗ್ನಿನ್ ನಿಧಾನವಾಗಿ ಬೆಂದು ಮೆಥನಾಲನ್ನೂ ಟಾರನ್ನೂ ಕೊಟ್ಟು ಇದ್ದಿಲಿನ ಬಹುಭಾಗವಾಗುತ್ತದೆ. ಮಣ್ಣಿನ ಗೂಡಿನಲ್ಲಿ ಇದ್ದಿಲಿನ ಹೊರತು ಮಿಕ್ಕದ್ದೆಲ್ಲ ಆಕಾಶದ ಪಾಲು.

ಆ ಪಾಲನ್ನು ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಹಿಡಿದಿಟ್ಟಿತು. ಸಂಸ್ಥಾನದಲ್ಲಿ ಕಲ್ಲಿದ್ದಲಿರಲಿಲ್ಲ, ಮಲೆನಾಡಿನ ಕಾಡಿತ್ತು. 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಇದ್ದಿಲಿನಿಂದಲೇ ಕರಗಿಸಿತು. ಸೌದೆಯನ್ನು ರಿಟಾರ್ಟ್ ಎಂಬ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊಗೆಯನ್ನು ತಂಪುಗೊಳಿಸಿ ದ್ರವವಾಗಿಸಿದಾಗ ಟಾರು ಮತ್ತು ಮೆಥನಾಲ್ ದೊರೆತವು. ಅದೇ ದ್ರವದ ಅಸಿಟಿಕ್ ಆಮ್ಲಕ್ಕೆ ಸುಣ್ಣ ಬೆರೆಸಿದಾಗ ಕ್ಯಾಲ್ಸಿಯಂ ಅಸಿಟೇಟ್ ಸಿಕ್ಕಿತು. ಈ ಕಾರ್ಖಾನೆಯ ರೂವಾರಿ ವಿಶ್ವೇಶ್ವರಯ್ಯನವರ ಹೆಸರಿನೊಡನೆ ಕಬ್ಬಿಣವನ್ನೇ ನೆನೆಯುವ ನಾಡು ಈ ರಸಾಯನೋದ್ಯಮವನ್ನು ಮರೆತಿರುವುದು ಅನ್ಯಾಯ. ದೈವಯೋಗವೆಂಬಂತೆ ಅದೇ 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್‌ಗಳನ್ನು ಒತ್ತಡದಲ್ಲಿ ಕೂಡಿಸಿ ಮೆಥನಾಲ್ ತಯಾರಿಸತೊಡಗಿತು, ಮರದ ಮೆಥನಾಲು ಅದರ ಅಗ್ಗದ ಬೆಲೆಗೆ ಎದುರು ನಿಲ್ಲದಾಯಿತು.

ಆದರೂ ಹೊಗೆಯ ಇನ್ನೊಂದು ಭಾಗ, ಅಂದರೆ ತಂಪಾದರೂ ದ್ರವವಾಗದೆ ಉರಿಯಬಲ್ಲ ಅನಿಲ, ಬಳಕೆಗೆ ಬಂತು: ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ, ಮಿತವಾದ ಗಾಳಿಯಲ್ಲಿ ಸೌದೆಯಿಂದ ಅಂಥ ಅನಿಲವನ್ನು ತೆಗೆದು, ಟಾರನ್ನು ನಿವಾರಿಸಿ ಎಂಜಿನ್ನಿಗೆ ಊಡಿ, ಹಳ್ಳಿಯ ದೀಪಗಳಿಗೆ ವಿದ್ಯುತ್ ಕೊಟ್ಟರು, ಮುಂದೆ ಅದೇ ವಿದ್ಯುತ್ತಿನಿಂದ ಕುಡಿಯುವ ನೀರಿನ ಪಂಪೂ ಹಿಟ್ಟಿನ ಗಿರಣಿಯೂ ನಡೆದವು.