ಅಥಣಿಯ ತೊಗಲು, ಬೆರಳಿನ ಲೆಕ್ಕ

ತೊಗಲು ಹದಕ್ಕೆ ಬಂತೋ ಇಲ್ಲವೋ ಎಂದು ತಿಳಿಯಲು ಅಥಣಿ ಸೀಮೆಯ ಸಮಗಾರರ ಬಳಿ ಯಾವ ಮಾಪಕವೂ ಇರಲಿಲ್ಲ. ಹಳೆಯ ಪದ್ಧತಿಯಲ್ಲಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಕೆರೆದು, ಚೀಲದಂತೆ ಹೊಲಿದು, ಜಾಲಿ ಚಕ್ಕೆ ಮತ್ತು ಅಳಲೆಕಾಯಿಯ ರಸ ತುಂಬಿ ತೂಗುಹಾಕುತ್ತಿದ್ದರು. ಮುಂದಿನದೆಲ್ಲ ಹೆಬ್ಬೆರಳಿನ ತೀರ್ಮಾನ. ಒತ್ತುವುದು, ಮಡಚುವುದು, ಸವರಿ ನೋಡುವುದು.

ಆ ಬೆರಳಿನ ಶಕ್ತಿಯನ್ನು ಅಂಕಿಯಲ್ಲಿ ಅಳೆದವನು ಜರ್ಮನಿಯ ಅರ್ನ್ಸ್ಟ್ ವೇಬರ್. 1834ರಲ್ಲಿ ಪ್ರಕಟವಾದ ಅವನ ಪ್ರಯೋಗಗಳಲ್ಲಿ ಕೈವಾರದ ಎರಡು ಮೊನೆಗಳನ್ನು ಚರ್ಮಕ್ಕೆ ತಾಗಿಸಿ ನೋಡಲಾಗಿತ್ತು. ಸುಮಾರು 2 ಮಿ.ಮೀ. ಅಂತರವಿದ್ದರೂ ಬೆರಳ ತುದಿ ಅವು ಎರಡೆಂದು ಗುರುತಿಸುತ್ತದೆ. ಬೆನ್ನಿಗೆ ಸುಮಾರು 4 ಸೆಂ.ಮೀ. ಬೇಕು. ಅಂಚು ಮತ್ತು ಒತ್ತಡದ ಸುದ್ದಿಯನ್ನು ಮರ್ಕೆಲ್ ಕೋಶಗಳು, ಜಾರುವ ಎಳೆಯ ಸುದ್ದಿಯನ್ನು ಮೈಸ್ನರ್ ಕಣಗಳು ನರಕ್ಕೆ ಮುಟ್ಟಿಸುತ್ತವೆ. ಆಳದಲ್ಲಿರುವ ಪಚೀನಿ ಕಣಗಳಿಗೆ ಕಂಪನವೇ ಸಾಕು. ರಂಪಿಗೆಯ ಅಲಗು ಎಮ್ಮೆಯ ತೊಗಲಿನ ಗಂಟಿಗೆ ತಾಗಿದ್ದು ಹಿಡಿ ಹಿಡಿದ ಕೈಗೆ ಗೊತ್ತಾಗುವುದು ಹೀಗೆ. ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಪೀಯೆಜೊ ಪ್ರೋಟೀನುಗಳನ್ನು ಆರ್ಡೆಮ್ ಪಟಪೂಟಿಯನ್ ತಂಡ ಗುರುತಿಸಿದ್ದು 2010ರಲ್ಲಿ. ಅವರಿಗೆ ನೊಬೆಲ್ ಬಂದದ್ದು 2021ರಲ್ಲಿ.

ಮಿದುಳಿನಲ್ಲೂ ಬೆರಳಿಗೆ ದೊಡ್ಡ ಜಾಗೀರಿದೆ. ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1937ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ಕೈ ಮತ್ತು ತುಟಿಗಳಿಗೆ ಇಡೀ ಬೆನ್ನಿಗಿಂತ ಹೆಚ್ಚು ಸ್ಥಳ. ಅದು ಪಳಗಿದಂತೆ ಹಿಗ್ಗಲೂಬಹುದು: ತಂತಿವಾದ್ಯ ನುಡಿಸುವವರ ಎಡಗೈ ಬೆರಳುಗಳಿಗೆ ಮಿದುಳಿನಲ್ಲಿ ಹೆಚ್ಚು ಜಾಗವಿರುವುದನ್ನು 1995ರ ಅಧ್ಯಯನವೊಂದು ತೋರಿಸಿತು. ಬಾಲ್ಯದಿಂದ ಆಡಿನ ತೊಗಲಿನ ಎಳೆ ಹೆಣೆದ ಅಥಣಿಯ ಹೆಂಗಸರ ಮಿದುಳನ್ನೂ ಯಾರಾದರೂ ನೋಡಬೇಕಿತ್ತು ಅನಿಸುತ್ತದೆ.

ಇಷ್ಟು ಬಲ್ಲ ಕೈಯನ್ನು ಊರು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಆ ಕೈ ಹೊಲಿದ ಜೋಡು ಗೌಡರ ಕಾಲಿಗೆ ಬೇಕು, ಕೈ ಮಾತ್ರ ಬಾವಿಗೆ ಬೇಡ. ಸಮಗಾರರು ತಮ್ಮ ಹಿರಿಯನೆಂದು ನೆನೆಯುವ 12ನೇ ಶತಮಾನದ ಶರಣ ಹರಳಯ್ಯನ ಕಥೆಯಲ್ಲಿ, ಆತನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡುತ್ತಾರೆ. ಕಥೆಯನ್ನು ಕೈಮುಗಿದು ಕೇಳಿದ ಊರುಗಳೂ ಓಣಿಯನ್ನು ದೂರವೇ ಇಟ್ಟವು. ಹೀಗೆ ದೂರವಿಟ್ಟವರ ದನಿಯಾಗಿ, 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ಇದೇ ಸೀಮೆಯ ನಿಪ್ಪಾಣಿಯಲ್ಲೇ ಸೇರಿತು. ಅಧ್ಯಕ್ಷತೆ ಅಂಬೇಡ್ಕರ್ ಅವರದು.

ಚಪ್ಪಲಿ ಮಾತ್ರ ಕೊಲ್ಹಾಪುರದ ಹೆಸರು ಹೊತ್ತು ದೇಶ ಸುತ್ತಿತು. 2019ರ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸಿಕ್ಕಿತು.

ಅದಕ್ಕೆ ಮೊದಲೇ, 1990ರ ದಶಕದ ಕೊನೆಯಲ್ಲಿ, ಬೆಂಗಳೂರಿನ ‘ಅಸೆಂಟ್’ ಸಂಸ್ಥೆ ಅಥಣಿಯ ಕುಶಲಕರ್ಮಿ ಹೆಂಗಸರನ್ನು ಸ್ವಸಹಾಯ ಗುಂಪುಗಳಲ್ಲಿ ಸೇರಿಸಿ ‘ಟೋಹೋಲ್ಡ್’ ಹೆಸರಿನಲ್ಲಿ ವಿದೇಶಿ ಪೇಟೆಗೆ ದಾರಿ ಮಾಡಿಕೊಟ್ಟಿತು. ಅಲ್ಲಿಯ ಗಿರಾಕಿಗೆ ಎಡಗಾಲಿನದೂ ಬಲಗಾಲಿನದೂ ಒಂದೇ ಅಳತೆಯಲ್ಲಿರಬೇಕು. ಕಣ್ಣಂದಾಜಿನಲ್ಲಿ ಕೊಯ್ಯುತ್ತಿದ್ದ ಅಟ್ಟೆಗೆ ನಂಬರು ಬಂತು. ಹೆಣಿಗೆ ಎಷ್ಟು ಬಿಗಿಯಾಗಿರಬೇಕು ಎಂಬುದು ಈಗಲೂ ಹೆಣೆಯುವವಳ ಬೆರಳಿಗೇ ಬಿಟ್ಟದ್ದು.