ಬಣ್ಣ ನುಡಿಯುವ ಸಾಕ್ಷ್ಯ: ಆಮ್ಲ, ಕ್ಷಾರ ಮತ್ತು ಸೂಚಕಗಳು

ಅರಿಶಿನದ ಕಲೆಗೆ ಸಾಬೂನು ತಾಗಿದೊಡನೆ ಅದು ಕೆಂಪಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿಯ ಕೆಂಪು ನೀರು ಸಿದ್ಧವಾಗುತ್ತದೆ. ಎರಡಕ್ಕೂ ಕಾರಣವೊಂದೇ. ಸಾಬೂನು, ಸುಣ್ಣಗಳೆರಡೂ ಕ್ಷಾರೀಯ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರದಲ್ಲಿ ಬಣ್ಣ ಬದಲಿಸುತ್ತದೆ. ಇಂತಹ ವಸ್ತುಗಳನ್ನು ರಸಾಯನಶಾಸ್ತ್ರವು 'ಸೂಚಕ'ಗಳೆಂದು ಕರೆಯುತ್ತದೆ.

ನೀರಿನಂತೆ ಕಾಣುವ ದ್ರಾವಣ ಆಮ್ಲವೋ ಕ್ಷಾರವೋ ಎಂಬುದು ಬರಿಗಣ್ಣಿಗೆ ತಿಳಿಯದು. ರುಚಿ ನೋಡಿ ಪರೀಕ್ಷಿಸುವುದಂತೂ ಅಪಾಯಕಾರಿ. ನೇರಳೆ ಬಣ್ಣದ ವಯೊಲೆಟ್ ಹೂವಿನ ಪಾಕವು ಆಮ್ಲದಲ್ಲಿ ಕೆಂಪಾಗಿ, ಕ್ಷಾರದಲ್ಲಿ ಹಸಿರಾಗಿ ತಿರುಗುವುದನ್ನು ವಿಜ್ಞಾನಿ ರಾಬರ್ಟ್ ಬಾಯ್ಲ್ 1664ರಲ್ಲಿಯೇ ದಾಖಲಿಸಿದ್ದರು. ಕಲ್ಲುಹೂವುಗಳಿಂದ ತೆಗೆಯುವ ಲಿಟ್ಮಸ್ ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ ಬಣ್ಣ ತಾಳುತ್ತದೆ. ನಮ್ಮ ಹಿತ್ತಲಿನ ಕೆಂಪು ದಾಸವಾಳದ ರಸವೂ ಕ್ಷಾರದಲ್ಲಿ ಹಸಿರಾಗುತ್ತದೆ.

ಆಮ್ಲೀಯತೆಯನ್ನು ಅಂಕಿಗಳಲ್ಲಿ ಅಳೆಯುವ ಪಿಎಚ್ ಮಾನವನ್ನು ಡೆನ್ಮಾರ್ಕ್‌ನ ಸೋರೆನ್‌ಸನ್ 1909ರಲ್ಲಿ ರೂಪಿಸಿದರು. ಸಾಮಾನ್ಯ ಉಷ್ಣಾಂಶದಲ್ಲಿ 7 ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ.

ಆದರೆ ಎಲ್ಲ ಸೂಚಕಗಳೂ 7ರಲ್ಲಿಯೇ ಬಣ್ಣ ಬದಲಿಸುವುದಿಲ್ಲ. ಮೀಥೈಲ್ ಆರೆಂಜ್ ಸುಮಾರು 3.1ರಿಂದ 4.4ರ ನಡುವೆ ಕೆಂಪಿನಿಂದ ಹಳದಿಗೆ ತಿರುಗಿದರೆ, ಫಿನಾಫ್ತಲೀನ್ ಸುಮಾರು 8.2ರವರೆಗೆ ಬಣ್ಣವಿಲ್ಲದೆ ಇದ್ದು ಬಳಿಕ ಗುಲಾಬಿಯಾಗುತ್ತದೆ. ನಿಂಬೆರಸದಲ್ಲಿಯೂ ಶುದ್ಧ ನೀರಿನಲ್ಲಿಯೂ ಅದಕ್ಕೆ ಬಣ್ಣವಿಲ್ಲ. ಆದುದರಿಂದ ಬಣ್ಣ ಬಾರದಿದ್ದ ಮಾತ್ರಕ್ಕೆ ದ್ರಾವಣ ಆಮ್ಲವೆಂದು ತೀರ್ಮಾನಿಸಲಾಗದು. ಕೆಂಪು ಮತ್ತು ನೀಲಿ ಲಿಟ್ಮಸ್ ಕಾಗದಗಳೆರಡನ್ನೂ ಬಳಸುವುದು, ಇಲ್ಲವೇ ಹಲವು ಸೂಚಕಗಳ ಮಿಶ್ರಣವಾದ ಸಾರ್ವತ್ರಿಕ ಸೂಚಕದ ನೆರವು ಪಡೆಯುವುದು ಈ ಕಾರಣಕ್ಕಾಗಿಯೇ.

ಲಂಚ ಪ್ರಕರಣಗಳಲ್ಲಿ ಇದೇ ಫಿನಾಫ್ತಲೀನ್ ಇನ್ನೊಂದು ಬಗೆಯಲ್ಲಿ ಬಳಕೆಯಾಗುತ್ತದೆ. ನೋಟುಗಳಿಗೆ ಅದರ ಪುಡಿ ಸವರಿರುತ್ತಾರೆ. ಹಣ ಮುಟ್ಟಿದವರ ಬೆರಳುಗಳನ್ನು ಕ್ಷಾರೀಯವಾದ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ದ್ರಾವಣ ಗುಲಾಬಿಯಾಗುತ್ತದೆ. ಇಲ್ಲಿ ಕ್ಷಾರ ಮೊದಲೇ ಗೊತ್ತಿದೆ, ಹುಡುಕುತ್ತಿರುವುದು ಸೂಚಕವನ್ನು. ಬೆರಳಿಗೆ ಪುಡಿ ತಾಗಿದೆ ಎಂಬುದನ್ನಷ್ಟೇ ಆ ಬಣ್ಣ ಹೇಳಬಲ್ಲದು. ಏಕೆ ತಾಗಿತು ಎಂಬುದನ್ನಲ್ಲ. ಲಂಚದ ಬೇಡಿಕೆ ಮತ್ತು ಸ್ವೀಕಾರ ಎರಡೂ ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಪ್ರಯೋಗಾಲಯವಿರಲಿ, ನ್ಯಾಯಾಲಯವಿರಲಿ, ಬಣ್ಣದ ಸಾಕ್ಷ್ಯಕ್ಕೆ ತನ್ನದೇ ಆದ ಮಿತಿಯಿದೆ.